ಕೆಂಪು ಗೆರೆಯವರೆಗೆ

ಮಕ್ಕಳ ವಾರ್ಡಿನ ಆ ದಾದಿಗೆ ಆಸ್ಪತ್ರೆಯಲ್ಲಿ ಎರಡು ಹೆಸರಿದ್ದವು. ಎದುರಿಗೆ ಸಿಸ್ಟರ್, ಬೆನ್ನ ಹಿಂದೆ ಮೇಷ್ಟ್ರಮ್ಮ. ಎರಡನೆಯ ಹೆಸರು ಇಟ್ಟವರು ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರು. ಅದು ಅವಳ ಕಿವಿಗೆ ಬಿದ್ದಿಲ್ಲ ಎಂದು ಅವರು ನಂಬಿದ್ದರು. ಬೀಳದ ಹಾಗೆ ಇದ್ದುಬಿಡುವುದರಲ್ಲಿ ಅವಳಿಗೂ ಒಂದು ಸುಖವಿತ್ತು.

ಹೆಸರಿಗೆ ಕಾರಣ ಅವಳ ಮೇಜಿನ ಡ್ರಾಯರು. ಎಳೆದರೆ ಗಲಗಲ ಸದ್ದು ಮಾಡುತ್ತಿದ್ದ ಆ ಡ್ರಾಯರಿನ ತುಂಬ ಚಮಚಗಳು, ಒಂದೊಂದೂ ಯಾರ್ಯಾರದೋ ಅಡುಗೆಮನೆಯದು. ಮಗುವನ್ನು ಮನೆಗೆ ಕಳಿಸುವ ಮುಂಚೆ, ಔಷಧಿ ಕೊಡುವ ಚಮಚವನ್ನು ಮನೆಯಿಂದ ತಂದು ತೋರಿಸಬೇಕೆಂದು ಅವಳು ತಾಯಂದಿರಿಗೆ ಹೇಳುತ್ತಿದ್ದಳು. ತಂದ ಚಮಚಕ್ಕೆ ಬಣ್ಣದ ನೀರು ಹಾಕಿ ಅಳೆದರೆ ಒಂದರಲ್ಲಿ ಮೂರು ಮಿಲಿ, ಇನ್ನೊಂದರಲ್ಲಿ ಎಂಟು. ಒಂದು ಚಮಚ ಎಂದರೆ ಯಾರ ಮನೆಯ ಚಮಚ ಎಂದು ಕೇಳುತ್ತಿದ್ದಳು. ಎಷ್ಟೋ ಜನ ನಾಚಿಕೊಂಡು ಚಮಚ ಅಲ್ಲೇ ಬಿಟ್ಟು, ಅವಳು ಕೊಟ್ಟ ಸೂಜಿಯಿಲ್ಲದ ಸಿರಿಂಜನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗುತ್ತಿದ್ದರು.

ಡಿಸ್ಚಾರ್ಜ್ ಕಾಗದದ ಕೊನೆಯಲ್ಲಿ 'ತಾಯಿಗೆ ಕಲಿಸಲಾಗಿದೆ' ಎಂಬ ಸಾಲೂ ಪಕ್ಕದಲ್ಲಿ ಒಂದು ಚೌಕವೂ ಇರುತ್ತಿತ್ತು. ಉಳಿದ ದಾದಿಯರು ಆ ಚೌಕಕ್ಕೆ ಗುರುತು ಹಾಕುವುದು ಬೆಣ್ಣೆಯಲ್ಲಿ ಕೂದಲು ತೆಗೆದಷ್ಟು ಸಲೀಸು. ಇವಳು ಮಾತ್ರ ತಾಯಿ ತನ್ನ ಕಣ್ಣೆದುರು ಮೂರು ಸಲ ಔಷಧಿ ಎಳೆದು ತೋರಿಸುವವರೆಗೆ ಪೆನ್ನು ಮುಟ್ಟುತ್ತಿರಲಿಲ್ಲ. ಮಂಚ ಖಾಲಿಯಾಗಲಿ ಎಂದು ಹೊರಗೆ ಜನ ಕಾಯುತ್ತಿದ್ದರೆ ಕಾಯಲಿ. ಹೂಂ ಅಂದವರೆಲ್ಲ ಕಲಿತವರಲ್ಲ ಎನ್ನುವುದು ಅವಳ ಮಾತು. ಓದು ಬಾರದ ತಾಯಿ ಬಂದರೆ ಅದಕ್ಕೂ ಅವಳ ಹತ್ತಿರ ಉಪಾಯವಿತ್ತು: ಡ್ರಾಯರಿನ ಮೂಲೆಯಿಂದ ಕೆಂಪು ಉಗುರುಬಣ್ಣದ ಸೀಸೆ ತೆಗೆದು, ಸಿರಿಂಜಿನ ಮೇಲೆ ಎಲ್ಲಿಯವರೆಗೆ ಎಳೆಯಬೇಕೋ ಅಲ್ಲಿಗೆ ಕೂದಲೆಳೆಯಷ್ಟು ತೆಳುವಾದ ಗೆರೆ ಎಳೆದುಕೊಡುತ್ತಿದ್ದಳು. ಹದಿನೆಂಟು ವರ್ಷದಲ್ಲಿ ಎಷ್ಟು ಗೆರೆ ಎಳೆದಳೋ, ಒಂದೂ ಮೋಸ ಮಾಡಿರಲಿಲ್ಲ. ಹಾಗಾಗಿ ಆ ಗೆರೆಯ ಬಗ್ಗೆ ಅವಳಿಗೆ ಒಳಗೊಳಗೇ ಜಂಬವೂ ಇತ್ತು.

ಏಳನೇ ಮಂಚದ ತಾಯಿಗೂ ಅವಳು ಅಂಥದೇ ಗೆರೆ ಎಳೆದುಕೊಟ್ಟಿದ್ದಳು. ದರ್ಜಿ ಅಂಗಡಿಯೊಂದರಲ್ಲಿ ಕಾಜಾ ಹೊಲಿದು ಗುಂಡಿ ಹಚ್ಚುವ ಹುಡುಗಿ ಅದು, ಇಪ್ಪತ್ತೆರಡೋ ಇಪ್ಪತ್ತಮೂರೋ ವಯಸ್ಸು. ಅವಳ ಹದಿಮೂರು ತಿಂಗಳ ಹೆಣ್ಣುಮಗು, ಮನೆಯವರು ಚೋಟು ಎಂದು ಕರೆಯುತ್ತಿದ್ದ ಕೂಸು, ಮೇಲಿಂದ ಮೇಲೆ ಫಿಟ್ಸ್ ಬಂದು ದಾಖಲಾಗಿತ್ತು. ಫಿಟ್ಸ್ ನಿಂತಿತು. ದಿನಕ್ಕೆರಡು ಸಲ, ತಪ್ಪದೆ, ನಾಲ್ಕು ಮಿಲಿ ಔಷಧಿ ಎಂದಾಯಿತು. ಓದು ಬರುವುದಿಲ್ಲ ಎಂದು ತಾಯಿ ನೆಲ ನೋಡಿಕೊಂಡು ಹೇಳಿದಾಗ ದಾದಿ ಸೀಸೆ ತೆಗೆದಳು. ದರ್ಜಿ ಹಾಕಿದ ಸೀಮೆಸುಣ್ಣದ ಗೆರೆಯ ಮೇಲೇ ಸೂಜಿ ಓಡಿಸುವ ಆ ಕೈ ಮೊದಲ ಸಲಕ್ಕೇ ಗೆರೆಗೆ ಸರಿಯಾಗಿ ಎಳೆಯಿತು. ಗಾಳಿಗುಳ್ಳೆ ಬಂದಾಗ ಬೆರಳಿನಿಂದ ತಟ್ಟಿ ಹೊರಗೆ ಹಾಕುವುದನ್ನೂ ಹೇಳಿಸಿಕೊಳ್ಳದೆ ಮಾಡಿತು. ಮನೆಗೆ ಹೊರಡುವ ದಿನ ಚೋಟು ಮಂಚದ ಕಂಬಿ ಹಿಡಿದು ಅಡ್ಡಡ್ಡ ನಾಲ್ಕು ಹೆಜ್ಜೆ ಹಾಕಿ, ದಾದಿಯ ಜೇಬಿನ ಪೆನ್ನಿಗೆ ಕೈ ಚಾಚಿ 'ತಾ' ಎಂದಿತ್ತು.

ಎರಡು ತಿಂಗಳ ಮೇಲೆ ಅದೇ ಕೂಸು ಅದೇ ಮಂಚಕ್ಕೆ ವಾಪಸು ಬಂತು. ಕಣ್ಣು ಅರೆ ಮುಚ್ಚಿತ್ತು. ಕೂರಿಸಿದರೆ ಕೂತಲ್ಲೇ ಪಕ್ಕಕ್ಕೆ ವಾಲುತ್ತಿತ್ತು. ಪೆನ್ನು ಮುಂದೆ ಹಿಡಿದರೂ ಕೈ ಏಳಲಿಲ್ಲ.

ಹಿಂದಿನ ವಾರ ನಿಲ್ಲುತ್ತಿದ್ದ ಮಗು ಈಗ ನಿಲ್ಲುತ್ತಿಲ್ಲ ಎಂದು ತಾಯಿ ಸಿಕ್ಕಸಿಕ್ಕವರಿಗೆಲ್ಲ ಹೇಳಿದ್ದಳು. ಮನೆಯಲ್ಲಿ ಹಲ್ಲು ಬರುತ್ತಿದೆ ಎಂದರು. ಆಸ್ಪತ್ರೆಯ ಹೊರರೋಗಿ ವಿಭಾಗದಲ್ಲಿ ಒಬ್ಬ ಎಳೆ ಡಾಕ್ಟರು, ಫಿಟ್ಸ್ ಬಂದ ಮಕ್ಕಳು ಸ್ವಲ್ಪ ಹಿಂದೆ ಬೀಳುವುದುಂಟು ಎಂದು ವಾಪಸು ಕಳಿಸಿದರು. ಮೂರು ದಿನ ಬಿಟ್ಟು ಅವಳು ಮತ್ತೆ ಬಂದು, ಮಗುವನ್ನು ಅವರ ಮೇಜಿನ ಮೇಲೇ ಮಲಗಿಸಿ, ನೋಡುವವರೆಗೆ ಎತ್ತಿಕೊಳ್ಳುವುದಿಲ್ಲ ಎಂದು ಕೈಕಟ್ಟಿ ನಿಂತಳಂತೆ. ಆಮೇಲೆ ರಕ್ತ ಪರೀಕ್ಷೆಯಾಯಿತು. ಮಗುವಿನ ಮೈಯಲ್ಲಿ ಫಿಟ್ಸ್ ಔಷಧಿ ಇರಬೇಕಾದ್ದಕ್ಕಿಂತ ಬಹಳ ಹೆಚ್ಚಿತ್ತು.

ಅಲ್ಲಿಂದ ಎಲ್ಲರ ಕಣ್ಣೂ ತಾಯಿಯ ಮೇಲೆ. ಜೊತೆಗೆ ಬಂದಿದ್ದ ಅತ್ತೆ, ಮೊಣಕಾಲು ನೋವಿನ ದಪ್ಪ ಹೆಂಗಸು, ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ವಾರ್ಡಿಗೆಲ್ಲ ಕೇಳುವಂತೆ ಲೆಕ್ಕಾಚಾರ ಮುಗಿಸಿಬಿಟ್ಟಿದ್ದಳು. ಸೊಸೆ ಅಂಗಡಿಗೆ ಹೋಗುವ ಅವಸರದಲ್ಲಿ ಕಣ್ಣಳತೆಗೆ ಸುರಿದಿದ್ದಾಳೆ. ಮಗ ಬಾಯಿ ಬಿಡುವವನಲ್ಲ, ತಾನೇ ಮಾತಾಡಬೇಕು. ಡಾಕ್ಟರು ತಪ್ಪು ಇವಳದೇ ಎಂದು ಬರೆದುಕೊಟ್ಟರೆ ಸಾಕು, ಮಗುವನ್ನು ಬೇರೆ ಊರಿನಲ್ಲಿರುವ ತನ್ನ ಹಿರಿಮಗಳ ಮನೆಗೆ ಕಳಿಸುತ್ತಾಳೆ, ಅಲ್ಲೇ ಬೆಳೆಯಲಿ. ಸೊಸೆ ಮಗುವಿನ ಅಂಗಾಲನ್ನು ಹೆಬ್ಬೆರಳಿನಿಂದ ತಿಕ್ಕುತ್ತ ಕೂತಿದ್ದಳು.

ದಾದಿಯ ಬಗ್ಗೆ ಒಂದು ಮಾತು ಇಲ್ಲೇ ಹೇಳಿಬಿಡಬೇಕು, ಮುಚ್ಚಿಡುವುದು ಚೆನ್ನಾಗಿರುವುದಿಲ್ಲ. ಒಂದು ಗಳಿಗೆ ಅವಳೂ ತಾಯಿಯನ್ನೇ ಅನುಮಾನಿಸಿದಳು. ತಾನು ಅಷ್ಟು ಕಲಿಸಿದ ಮೇಲೂ ಹೀಗಾಯಿತಲ್ಲ ಎಂದು ಅವಳಿಗೆ ಮೊದಲು ಬಂದದ್ದು ದುಃಖವಲ್ಲ, ಸಿಟ್ಟು. ಆ ಸಿಟ್ಟಿನಲ್ಲೇ ಮಂಚದ ಹತ್ತಿರ ಹೋಗಿ, ಮನೆಯಲ್ಲಿ ಹೇಗೆ ಕೊಡುತ್ತಿದ್ದೆ ತೋರಿಸು ಎಂದು ಗದರಿದಳು.

ತಾಯಿ ಬಟ್ಟೆಯ ಚೀಲದಿಂದ ಬಾಟಲಿಯನ್ನೂ ಸಿರಿಂಜನ್ನೂ ತೆಗೆದಳು. ದಿನಕ್ಕೆರಡು ಸಲ ತೊಳೆದು ತೊಳೆದು ಸಿರಿಂಜಿನ ಅಂಕಿಗಳು ಅಳಿಸಿಹೋಗಿದ್ದವು; ಕೆಂಪು ಗೆರೆ ಮಾತ್ರ ಹಾಗೇ ಇತ್ತು. ಬಾಟಲಿ ಅಲ್ಲಾಡಿಸಿದಳು. ಎಳೆದಳು. ಗುಳ್ಳೆ ತಟ್ಟಿ ತೆಗೆದಳು. ಕಣ್ಣಿನ ಮಟ್ಟಕ್ಕೆ ಹಿಡಿದು ಗೆರೆಗೆ ತಂದು ನಿಲ್ಲಿಸಿದಳು. ಔಷಧಿ ಒಂದು ಹನಿಯೂ ಗೆರೆ ದಾಟಲಿಲ್ಲ.

"ಹೀಗೇ ಅಕ್ಕ," ಎಂದಳು. "ನೀವು ಹೇಳಿದ್ದು ಹೀಗೇ ತಾನೇ?"

ಹೀಗೇ ಹೇಳಿದ್ದು. ದಾದಿ ಬಾಟಲಿ ತೆಗೆದುಕೊಂಡು ನೋಡಿದಳು. ಅದೇ ಹೆಸರು, ಅದೇ ಗುಲಾಬಿ ಬಣ್ಣ, ಅದೇ ಬಿಳಿ ಮುಚ್ಚಳ. ವಾಪಸು ಕೊಡಲು ಕೈ ಚಾಚಿದವಳು ಚೀಟಿಯ ಮೇಲಿನ ಅಂಕಿ ಕಂಡು ಹಾಗೇ ನಿಂತಳು. ಪಾಠಕ್ಕೆಂದು ಮೇಜಿನ ಮೇಲೆ ಒಂದು ವರ್ಷದಿಂದ ಇಟ್ಟುಕೊಂಡಿದ್ದ, ಬಣ್ಣದ ನೀರು ತುಂಬಿದ, ಇದೇ ಔಷಧಿಯ ಹಳೆಯ ಬಾಟಲಿಯನ್ನು ತಂದು ಇದರ ಪಕ್ಕದಲ್ಲಿ ಹಿಡಿದಳು. ಹಳೆಯದರ ಚೀಟಿಯಲ್ಲಿ ಐದು ಮಿಲಿಗೆ ಇಪ್ಪತ್ತು ಮಿಲಿಗ್ರಾಂ ಎಂದಿತ್ತು. ಹೊಸದರಲ್ಲಿ ನಲವತ್ತು.

ಗೆರೆ ಸರಿಯಾಗಿತ್ತು, ಬಾಟಲಿ ಬೇರೆಯಾಗಿತ್ತು. ಈ ಹೊಸ ಬಾಟಲಿ ಸಿಕ್ಕಿದ್ದು ಎಲ್ಲಿ, ಯಾವಾಗ ಎಂದು ಕೇಳಿದರೆ, ಹತ್ತು ದಿನದ ಹಿಂದೆ ಆಸ್ಪತ್ರೆಯದೇ ಔಷಧಿ ಕಿಟಕಿಯಲ್ಲಿ, ಎಂದಳು ತಾಯಿ. ಹತ್ತು ದಿನದಿಂದ ಆ ಕೂಸು ಎರಡರಷ್ಟು ಔಷಧಿ ಕುಡಿದಿತ್ತು. ಹತ್ತು ದಿನದಿಂದ ತಾಯಿ ಕಲಿಸಿದ್ದನ್ನು ಚಾಚೂ ತಪ್ಪದೆ ಮಾಡಿದ್ದಳು. ದಾದಿ ಕಲಿಸಿದ್ದು ಗೆರೆಯನ್ನು ಮಾತ್ರ. ಬಾಟಲಿ ಬದಲಾಗಬಹುದು ಎಂದು ಕಲಿಸಿರಲಿಲ್ಲ. ಹದಿನೆಂಟು ವರ್ಷದ ಜಂಬ ಅಲ್ಲೇ ಮಂಚದ ಪಕ್ಕದಲ್ಲಿ ಇಳಿದುಹೋಯಿತು.

ಬಾಟಲಿ ಬದಲಾದದ್ದನ್ನು ದಾದಿ ತಕ್ಷಣ ವಾರ್ಡಿನ ಡಾಕ್ಟರಿಗೆ ತೋರಿಸಿದಳು. ಅವರು ಔಷಧಿ ನಿಲ್ಲಿಸಿ, ಎಷ್ಟು ದಿನ ಬಿಟ್ಟು ಎಷ್ಟರಿಂದ ಶುರು ಮಾಡಬೇಕೆಂದು ಬರೆದರು. ಮಗು ನಾಲ್ಕೈದು ದಿನದಲ್ಲಿ ಎಚ್ಚರಾಗುತ್ತದೆ ಎಂದರು. ಮಗುವಿನ ಚಿಂತೆ ಅಷ್ಟಕ್ಕೆ ಹಗುರಾಯಿತು. ಕಾಗದದ ಕಥೆ ಆಗ ಶುರುವಾಯಿತು.

ಮಧ್ಯಾಹ್ನ ದೊಡ್ಡ ಡಾಕ್ಟರ ಕೋಣೆಗೆ ಕರೆ ಬಂತು. ದೊಡ್ಡ ಡಾಕ್ಟರು ಕೆಟ್ಟವರಲ್ಲ; ಕೆಟ್ಟವರಾಗಿದ್ದರೆ ಎದುರು ನಿಲ್ಲುವುದು ಸುಲಭವಿತ್ತು. ಮಕ್ಕಳನ್ನು ಮುಟ್ಟುವ ಮುಂಚೆ ಸ್ಟೆತಸ್ಕೋಪನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿಕೊಳ್ಳುವ ಮನುಷ್ಯ. ಆದರೆ ಮುಂದಿನ ವಾರ ಮೇಲಿನವರು ಆಸ್ಪತ್ರೆ ನೋಡಲು ಬರುವವರಿದ್ದರು, ಅಷ್ಟರೊಳಗೆ ಈ ಪ್ರಕರಣ ಮುಚ್ಚಬೇಕಿತ್ತು. ಮೇಜಿನ ಮೇಲೆ ವರದಿ ಟೈಪಾಗಿ ಸಿದ್ಧವಿತ್ತು. ತಾಯಿಗೆ ಔಷಧಿಯ ಅಳತೆಯನ್ನು ಸರಿಯಾಗಿ ಕಲಿಸಲಾಗಿತ್ತು, ಓದು ಬಾರದ ಕಾರಣ ತಾಯಿಯು ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟಿರುತ್ತಾರೆ, ಎಂದು ಎರಡೇ ಸಾಲು. ಕೆಳಗೆ ದಾದಿಯ ಸಹಿಗೆ ಜಾಗ.

ಆ ಎರಡು ಸಾಲಿನಲ್ಲಿ ಎಲ್ಲರೂ ಬಚಾವಾಗಿದ್ದರು: ಔಷಧಿ ಕಿಟಕಿಯವನು, ಮೊದಲ ಸಲ ವಾಪಸು ಕಳಿಸಿದ ಎಳೆ ಡಾಕ್ಟರು, ದಾದಿಯೂ ಸೇರಿ. ಕೋತಿ ತಾನು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಇಲ್ಲಿ ಒಂದಲ್ಲ, ಮೂರು ಕೋತಿಗಳಿದ್ದವು, ಮೇಕೆ ಒಂದೇ.

ಔಷಧಿ ಕಿಟಕಿಯವನನ್ನೂ ಕರೆಸಿದ್ದರು. ಅವನು ಯಾರೂ ಏನೂ ಕೇಳುವ ಮುಂಚೆಯೇ, ತಮ್ಮ ಕಡೆಯಿಂದ ಎಲ್ಲ ಕ್ರಮವಾಗಿದೆ, ಹೊಸ ಬಾಟಲಿಯ ಬಗ್ಗೆ ಸೂಚನೆ ಅಂಟಿಸಿದ್ದೇವೆ ಎಂದು ಶುರು ಮಾಡಿದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಸೂಚನೆ ಎಲ್ಲಿ ಅಂಟಿಸಿದ್ದೀರಿ ಎಂದು ದಾದಿ ಕೇಳಿದಳು. ಬೀರುವಿನ ಬಾಗಿಲಿಗೆ, ಎಂದ. ಹೊರಗಡೆಗೋ ಒಳಗಡೆಗೋ ಎಂದು ಮತ್ತೆ ಕೇಳಿದಳು. ಅವನು ದೊಡ್ಡ ಡಾಕ್ಟರ ಮುಖ ನೋಡಿದ. ಒಳಗಡೆಗೆ, ಎಂದ.

ದಾದಿ ಹೊರಗೆ ಹೋಗಿ ತಾಯಿಯನ್ನೂ ಅತ್ತೆಯನ್ನೂ ಒಳಗೆ ಕರೆತಂದಳು. ದೊಡ್ಡ ಡಾಕ್ಟರು ಬೇಡವೆನ್ನುವಷ್ಟರಲ್ಲಿ ಅತ್ತೆ ಕುರ್ಚಿ ಹಿಡಿದು ಕೂತಾಗಿತ್ತು, ಆ ಮೊಣಕಾಲಿಗೆ ಎದ್ದೇಳಿ ಎನ್ನುವ ಧೈರ್ಯ ಯಾರಿಗೂ ಬರಲಿಲ್ಲ. ದಾದಿ ಎರಡು ಬಾಟಲಿಗಳನ್ನು ವರದಿಯ ಮೇಲೇ ಇಟ್ಟು, ತಾಯಿಯ ಕೈಗೆ ಸಿರಿಂಜು ಕೊಟ್ಟಳು. ತಾಯಿ ಅಲ್ಲಾಡಿಸಿದಳು, ಎಳೆದಳು, ತಟ್ಟಿದಳು, ಗೆರೆಗೆ ತಂದಳು. ದಾದಿ ತನ್ನ ಜೇಬಿನಿಂದ ಅಂಕಿ ಅಳಿಸದ ಹೊಸ ಸಿರಿಂಜು ತೆಗೆದು ಆ ಔಷಧಿಯನ್ನು ಅದಕ್ಕೆ ತುಂಬಿ ದೊಡ್ಡ ಡಾಕ್ಟರ ಮುಂದೆ ಹಿಡಿದಳು.

"ಎಷ್ಟಿದೆ ಓದಿ ಡಾಕ್ಟ್ರೇ. ನಿಮಗೆ ಓದಕ್ಕೆ ಬರತ್ತಲ್ಲ."

ಅವರು ಕನ್ನಡಕ ಮೇಲೆತ್ತಿದರು. ನಾಲ್ಕು, ಎಂದರು. ಸರಿಯಾಗಿ ನಾಲ್ಕೇ ಎಂದು ಕೇಳಿದ್ದಕ್ಕೆ, ಸರಿಯಾಗಿ, ಎಂದರು. ಅವರಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ಟೈಪು ಮಾಡಿಸಲು ಬರುತ್ತಿತ್ತು ಅಷ್ಟೇ.

ಆಮೇಲೆ ಅವರು ಮೆಲ್ಲಗೆ, ಬುದ್ಧಿ ಹೇಳುವ ದನಿಯಲ್ಲಿ ಮಾತಾಡಿದರು. ಬಾಟಲಿಯ ವಿಷಯ ತನಿಖೆಗೆ ಹೋದರೆ ಎಳೆ ಎಳೆ ಬಿಚ್ಚುತ್ತಾರೆ. ಓದು ಬಾರದವಳಿಗೆ ಉಗುರುಬಣ್ಣ ಬಳಿದು ಕಳಿಸಿದ್ದು ಯಾವ ನಿಯಮದಲ್ಲಿದೆ ಎಂದು ಕೇಳುತ್ತಾರೆ. ಮೊದಲು ಸಿಕ್ಕಿಬೀಳುವವಳು ದಾದಿಯೇ. ಬಡವನ ಸಿಟ್ಟು ದವಡೆಗೆ ಮೂಲ ಎನ್ನುವುದನ್ನು ಅವಳು ಕೇಳಿಲ್ಲವೇ?

ಕೇಳಿದ್ದಳು. ಚಿಕ್ಕಂದಿನಿಂದ ಅದನ್ನೇ ಕೇಳಿ ಬೆಳೆದಿದ್ದಳು, ಅವಳ ಅಮ್ಮನೂ ಅದನ್ನೇ ಹೇಳಿ ಹೇಳಿ ಹಲ್ಲು ಕಚ್ಚಿಕೊಂಡೇ ಸತ್ತಿದ್ದಳು. ಪಿಂಚಣಿಗೆ ಇನ್ನೂ ಆರು ವರ್ಷವಿತ್ತು. ಭಯವಾಗಲಿಲ್ಲ ಎಂದರೆ ಸುಳ್ಳು. ಆದರೆ ಆ ಹುಡುಗಿ ಸಿರಿಂಜು ಹಿಡಿದು ತನ್ನನ್ನೇ ನೋಡುತ್ತಿದ್ದಳು, ಅವಳ ಮುಂದೆ ಹೂಂ ಎಂದು ಸಹಿ ಹಾಕುವುದು ದಾದಿಯಿಂದ ಆಗುವ ಕೆಲಸವಾಗಿರಲಿಲ್ಲ. ಅವಳು ವರದಿಯ ಎರಡೂ ಸಾಲಿನ ಮೇಲೆ ಅಡ್ಡ ಗೀಟು ಹಾಕಿದಳು. ಅದರ ಕೆಳಗೆ ತನ್ನ ದುಂಡು ಅಕ್ಷರದಲ್ಲಿ ಬರೆದಳು, ಬರೆಯುತ್ತ ಜೋರಾಗಿ ಓದಿದಳು, ಓದು ಬಾರದವರಿಗೂ ಕೇಳಲಿ ಎಂದು. ತಾಯಿ ಕೊಟ್ಟದ್ದು ಕಲಿಸಿದಷ್ಟೇ. ಕಿಟಕಿಯಲ್ಲಿ ಬಾಟಲಿ ಬದಲಾಯಿತು, ಯಾರೂ ಹೇಳಲಿಲ್ಲ. ನಾನು ಗೆರೆ ಕಲಿಸಿದೆ, ಬಾಟಲಿ ನೋಡುವುದನ್ನು ಕಲಿಸಲಿಲ್ಲ. ತಾಯಿ ಎರಡು ಸಲ ಬಂದು ಹೇಳಿದಳು, ಮೊದಲ ಸಲ ಯಾರೂ ಕೇಳಲಿಲ್ಲ.

"ನಿಮ್ಮ ಮೇಲೆ ನೀವೇ ಬರ್ಕೊಳ್ತಾ ಇದೀರಿ ಸಿಸ್ಟರ್," ಎಂದರು ದೊಡ್ಡ ಡಾಕ್ಟರು.

"ಹೌದು, ಬರ್ಕೊಳ್ತಾ ಇದೀನಿ. ನನ್ನ ತಪ್ಪು ನನಗಿರ್ಲಿ, ನಿಮ್ದು ನಿಮಗಿರ್ಲಿ. ಇವಳ ತಲೆ ಮೇಲೆ ಮಾತ್ರ ಯಾರದೂ ಬೇಡ."

ಸಹಿ ಹಾಕಿ ಕಾಗದ ತಿರುಗಿಸಿಟ್ಟಳು. ಅತ್ತೆ ಇಷ್ಟು ಹೊತ್ತೂ ಎರಡು ಬಾಟಲಿಗಳನ್ನು ಒಂದೊಂದಾಗಿ ಎತ್ತಿ ಬೆಳಕಿಗೆ ಹಿಡಿದು ನೋಡುತ್ತಿದ್ದಳು. ನೋಡಕ್ಕೆ ಒಂದೇ ಥರ ಇದಾವಲ್ಲ, ದೇವರಿಗೂ ಗೊತ್ತಾಗಲ್ಲ, ಎಂದು ಯಾರಿಗೋ ಹೇಳುವಂತೆ ಹೇಳಿದಳು. ಹಿರಿಮಗಳ ಮನೆಯ ಮಾತು ಆಮೇಲೆ ಅವಳ ಬಾಯಲ್ಲಿ ಬರಲಿಲ್ಲ. ಸೊಸೆಯ ಕ್ಷಮೆಯನ್ನೂ ಕೇಳಲಿಲ್ಲ. ಆದರೆ ಸಂಜೆ ಸ್ಟೂಲನ್ನು ಸೊಸೆಗೆ ಬಿಟ್ಟುಕೊಟ್ಟು, ತಾನು ಗೋಡೆಗೊರಗಿ ನೆಲದ ಮೇಲೆ ಕೂತಳು. ಆ ಮೊಣಕಾಲಿಗೆ ಅದು ಸಣ್ಣ ವಿಷಯವಲ್ಲ.

ಮಗು ಮೂರನೇ ದಿನ ಕಣ್ಣು ಪೂರ್ತಿ ತೆರೆಯಿತು. ಅಷ್ಟರಲ್ಲಿ ದಾದಿ ತಾಯಿಯನ್ನು ಕೂರಿಸಿಕೊಂಡು ಇಪ್ಪತ್ತು ಮತ್ತು ನಲವತ್ತು ಬರೆದು ತೋರಿಸಿ, ಇವೆರಡರ ಗುರುತು ಹಿಡಿದರೆ ಸಾಕು ಎಂದಿದ್ದಳು. ತಾಯಿ ಕಾಗದವನ್ನು ಬಹಳ ಹೊತ್ತು ನೋಡಿದಳು.

"ಎರಡೇ ಸಾಕಾ ಅಕ್ಕ? ನಾಳೆ ಅವರು ಮೂವತ್ತು ತಂದಿಟ್ರೆ?"

ಹದಿನೆಂಟು ವರ್ಷದಿಂದ ತಾಯಂದಿರಿಗೆ ಪಾಠ ಹೇಳಿದ ಮೇಷ್ಟ್ರಮ್ಮ ಮತ್ತೆ ಅದೇ ಹಳ್ಳಕ್ಕೆ ಕಾಲಿಡುವವಳಿದ್ದಳು, ಗೆರೆ ಬಿಟ್ಟು ಅಂಕಿ, ಅಷ್ಟೇ ವ್ಯತ್ಯಾಸ. ಹತ್ತೂ ಕಲಿಸಿ, ಎಂದಳು ತಾಯಿ. ಸೊನ್ನೆಯಿಂದ ಒಂಬತ್ತರವರೆಗೆ ಹತ್ತೂ ಅಂಕಿ ಕಲಿತಾಯಿತು. ದರ್ಜಿ ಅಂಗಡಿಯ ಟೇಪು ತರಿಸಿಕೊಂಡು ಅದರ ಮೇಲೆ ಓದಿದಳು, ಮಂಚದ ನಂಬರು ಓದಿದಳು, ಗೋಡೆ ಗಡಿಯಾರ ಓದಿದಳು. ಏಳಕ್ಕೂ ಒಂದಕ್ಕೂ ಮೂರು ದಿನ ಜಗಳವಾಡಿ ಗೆದ್ದಳು. ಕೊನೆಗೆ ಪಾತ್ರ ಬದಲಾಯಿತು: ತಾಯಿ ಕೇಳುವುದು, ದಾದಿ ಹೇಳುವುದು. ಐದು ಮಿಲಿಯಲ್ಲಿ ಎಷ್ಟಿದೆ? ನನ್ನ ಮಗುವಿಗೆ ಎಷ್ಟು ಬೇಕು? ಹಾಗಾದರೆ ಗೆರೆ ಎಲ್ಲಿಗೆ? ಮೂರು ಪ್ರಶ್ನೆಗೂ ಉತ್ತರ ಸಿಗುವವರೆಗೆ ಔಷಧಿ ಚೀಲಕ್ಕೆ ಹಾಕಿಕೊಳ್ಳಬಾರದು.

ದೊಡ್ಡ ಡಾಕ್ಟರು ಹೇಳಿದ್ದು ಸುಳ್ಳಾಗಲಿಲ್ಲ. ತನಿಖೆ ಬಂತು, ಎಳೆ ಬಿಚ್ಚಿತು, ಅವಳ ಎಳೆಯನ್ನೇ ಮೊದಲು ಬಿಚ್ಚಿತು. ಕಿಟಕಿಯವನಿಗೆ ಒಂದು ಎಚ್ಚರಿಕೆಯ ಪತ್ರ. ದಾದಿಗೆ ವಾರ್ಡಿನಿಂದಲೇ ವರ್ಗ. ಹತ್ತಿ, ಬ್ಯಾಂಡೇಜು, ಹಾಸುಬಟ್ಟೆಗಳನ್ನು ಎಣಿಸಿ ಕೊಡುವ ಸಾಮಾನಿನ ಕೋಣೆಗೆ ಹಾಕಿದರು. ಅಲ್ಲಿ ಕಲಿಸಲು ಯಾರೂ ಇರುವುದಿಲ್ಲ ಎಂಬುದು ಅವರ ಲೆಕ್ಕ. ಅವಳಿಗೆ ಅವಮಾನವಾಯಿತು, ಎರಡು ದಿನ ಊಟ ಸೇರಲಿಲ್ಲ. ಮೂರನೇ ದಿನ ಚಮಚದ ಡ್ರಾಯರನ್ನು ಇದ್ದ ಹಾಗೇ ಕಿತ್ತು, ಗಲಗಲ ಸದ್ದು ಮಾಡಿಸಿಕೊಂಡು ಉದ್ದನೆಯ ಕಾರಿಡಾರಿನಲ್ಲಿ ಎಲ್ಲರ ಎದುರೇ ಹೊತ್ತುಕೊಂಡು ಹೋಗಿ ಹೊಸ ಕೋಣೆಯಲ್ಲಿ ಇಟ್ಟುಕೊಂಡಳು. ಆ ಕೋಣೆಯ ಬಾಗಿಲು ತೆರೆದರೆ ಎದುರಿಗೇ ಔಷಧಿ ಕಿಟಕಿ ಎನ್ನುವುದನ್ನು ವರ್ಗ ಮಾಡಿದವರು ಯೋಚಿಸಿರಲಿಲ್ಲ.

ಒಂದು ತಿಂಗಳ ಮೇಲೆ, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ದಾದಿ ಹಾಸುಬಟ್ಟೆ ಮಡಿಸುತ್ತಿದ್ದಾಗ ಕಿಟಕಿಯ ಮುಂದೆ ಗಲಾಟೆ ಕೇಳಿಸಿತು. ಸಾಲು ಬಾಗಿಲಿನವರೆಗೆ ಬೆಳೆದಿತ್ತು. ಎಲ್ಲರಿಗೂ ಮುಂದೆ ಅದೇ ತಾಯಿ. ಕಿಟಕಿಯವನು ಬಾಟಲಿ ಮುಂದೆ ತಳ್ಳಿ, ಮುಂದಿನವರು ಬನ್ನಿ ಎಂದು ಕೂಗಿಯಾಗಿತ್ತು. ಅವಳು ಜರುಗಿರಲಿಲ್ಲ. ಬಾಟಲಿ ಕೈಯಲ್ಲಿ ಹಿಡಿದು ಚೀಟಿಯ ಮೇಲಿನ ಅಂಕಿಗಳನ್ನು ಬೆರಳಿಟ್ಟು ಓದಿ ಮುಗಿಸಿದ್ದಳು. ಆದರೂ ಅವನ ಬಾಯಿಂದಲೇ ಕೇಳಬೇಕೆಂದು ನಿಂತಿದ್ದಳು. ಐದಕ್ಕೆ ಎಷ್ಟು ಎಂದು ಕೇಳುತ್ತಿದ್ದಳು. ಅವನು, ಚೀಟಿಯಲ್ಲಿದೆ ನೋಡಿಕೊಳ್ಳಮ್ಮ, ಹಿಂದೆ ಜನ ಇದ್ದಾರೆ, ಎಂದ. ಹಿಂದಿನವರು ಗೊಣಗಿದರು, ಒಬ್ಬ ಗಂಡಸು ಇವಳೊಬ್ಬಳೇ ಮಗು ಹೆತ್ತವಳೇನು ಎಂದೂ ಅಂದ.

ಸಾಲಿನ ಪಕ್ಕದ ಬೆಂಚಿನಿಂದ ಅತ್ತೆಯ ದನಿ ಬಂತು. "ಓದಿ ಹೇಳೋವರ್ಗೂ ನನ್ನ ಸೊಸೆ ಜರುಗಲ್ಲಪ್ಪ. ನಾನೇ ಹೇಳಿ ನೋಡಿದೀನಿ, ನನ್ನ ಮಾತೇ ಕೇಳಲ್ಲ, ಇನ್ನು ನಿನ್ನ ಮಾತು ಕೇಳ್ತಾಳಾ?"

ಅತ್ತೆಯ ಮೊಣಕಾಲು ಹಿಡಿದು ಚೋಟು ನಿಂತಿತ್ತು. ಎರಡೂ ಕಾಲಿನ ಮೇಲೆ, ನೆಟ್ಟಗೆ. ಎದುರಿನ ತೆರೆದ ಬಾಗಿಲಲ್ಲಿ ದಾದಿಯ ಜೇಬಿನ ಪೆನ್ನು ಕಂಡಿತೋ ಏನೋ, ಅಜ್ಜಿಯ ಕಾಲು ಬಿಟ್ಟು ಒಂದು ಕೈ ಚಾಚಿತು.

ಗೊಣಗುತ್ತಿದ್ದ ಗಂಡಸಿನ ಹಿಂದೆ ಕೂಸನ್ನು ಹೆಗಲಿಗೆ ಹಾಕಿಕೊಂಡಿದ್ದ ಇನ್ನೊಬ್ಬ ಹೆಂಗಸು ತನ್ನ ಚೀಲದಿಂದ ಹಳೆಯ ಬಾಟಲಿ ತೆಗೆದು ತಿರುಗಿಸಿ ನೋಡಿಕೊಂಡಳು. ನಂದೂ ಹೇಳಿ, ಎಂದಳು ಕಿಟಕಿಗೆ. ಅವಳ ಹಿಂದಿನವಳೂ ಚೀಲಕ್ಕೆ ಕೈ ಹಾಕಿದಳು. ಕಿಟಕಿಯವನು ಸಾಲನ್ನು ನೋಡಿದ, ಎದುರು ಬಾಗಿಲಲ್ಲಿ ಹಾಸುಬಟ್ಟೆ ಹಿಡಿದು ನಿಂತ ದಾದಿಯನ್ನು ನೋಡಿದ, ತಾಯಿಯ ಕೈಯಲ್ಲಿದ್ದ ಬಾಟಲಿಯತ್ತ ಬಗ್ಗಿ ಗಂಟಲು ಸರಿಮಾಡಿಕೊಂಡ. ಐದು ಮಿಲಿಗೆ ನಲವತ್ತು ಮಿಲಿಗ್ರಾಂ, ಎಂದು ಓದಿದ.

ತಾಯಿ ಬೆರಳಿಟ್ಟು ತಾಳೆ ನೋಡಿದಳು. ನಾಲ್ಕು, ಸೊನ್ನೆ. ಸರಿಯಾಗಿತ್ತು. ಆದರೂ ಬಾಟಲಿ ಚೀಲಕ್ಕೆ ಹಾಕಿಕೊಳ್ಳಲಿಲ್ಲ.

"ಇನ್ನೊಂದ್ಸಲ ಹೇಳಿ," ಎಂದಳು. "ಜೋರಾಗಿ. ಹಿಂದೆ ಇರೋರಿಗೂ ಕೇಳ್ಬೇಕು."